ನಿಂತಲ್ಲೇ ನಡುಗುವ ಕಾರು

ಓಡುವಾಗ ಏನೂ ತಕರಾರಿಲ್ಲ. ನಿಂತರೆ ನಡುಕ, ನಡುಗಿ ನಡುಗಿ ಕೊನೆಗೆ ಆಫ್. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಗ್ಯಾರೇಜುಗಳಲ್ಲಿ ಹಳೆಯ ಪೆಟ್ರೋಲ್ ಕಾರುಗಳ ಬಗ್ಗೆ ಕೇಳಿಬರುವ ಮಾಮೂಲಿ ದೂರು ಇದು. "ಎಂತ ಆಯ್ತ್ ಮಾರ್ರೆ?" ಎಂದರೆ "ಸ್ಲೋದಲ್ಲಿ ನಿಲ್ತಿಲ್ಲೆ" ಎಂಬ ಉತ್ತರ. ಸ್ಲೋ ಎಂದರೆ ಎಕ್ಸಲರೇಟರ್ ತುಳಿಯದೆ ಇಂಜಿನ್ ಓಡುವ ಸ್ಥಿತಿ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆಯನ್ನು ಬಿಟ್ಟುಕೊಂಡು ಹೆದ್ದಾರಿಯಲ್ಲಿ ಸಲೀಸಾಗಿ ಬಂದ ಗಾಡಿ, ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲೋ ಸಾಸ್ತಾನದ ಟೋಲ್ ಎದುರೋ ಕ್ಲಚ್ ತುಳಿದ ಕೂಡಲೇ ಬಂದ್. ಕೀ ತಿರುಗಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಹಾಗಾಗಿ ಎಷ್ಟೋ ಜನ ನಿಲ್ಲುವಾಗೆಲ್ಲ ಒಂದಿಷ್ಟು ರೇಸ್ ಕೊಟ್ಟುಕೊಂಡೇ ಇರುವುದನ್ನು ರೂಢಿ ಮಾಡಿಕೊಂಡು ತಿಂಗಳುಗಟ್ಟಲೆ ದೂಡುತ್ತಾರೆ. ಆಮೇಲೊಂದು ದಿನ ಬೇಸತ್ತು, ಗಾಡಿ ಹಳತಾಯಿತು, ಸಿಕ್ಕಷ್ಟಕ್ಕೆ ಕೊಟ್ಟುಬಿಡುವ ಎನ್ನುವ ತೀರ್ಮಾನಕ್ಕೆ ಬರುತ್ತಾರೆ.

ಈ ತೀರ್ಮಾನ ಬಹಳ ಸಲ ಆತುರದ್ದು. ಇಂಥ ಕಾರಿಗೆ ಬೇಕಾಗಿರುವುದು ಹೆಚ್ಚಾಗಿ ಒಂದು ಗಂಟೆಯ ಕ್ಲೀನಿಂಗ್, ಒಂದು ರಬ್ಬರ್ ಪೈಪ್, ಇಲ್ಲವೇ ಉಜ್ಜಿ ಬಿಗಿ ಮಾಡಿದ ಒಂದು ಬೋಲ್ಟು. ಆದರೆ ನಡೆಯುವುದು ಬೇರೆ. ಮೊದಲು ಪ್ಲಗ್ ಬದಲಿಸುತ್ತಾರೆ, ಆಮೇಲೆ ಕಾಯಿಲ್, ಆಮೇಲೆ ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಪಂಪ್, ಕೊನೆಗೆ ಇಂಜಿನ್ನಿನ ಕಂಪ್ಯೂಟರನ್ನೇ ದೂರಿ "ಇಸಿಎಂ ಹೋಗಿರಬೇಕು" ಎಂಬ ಮಾತು. ಹುಡುಕದೆ ಬದಲಿಸುವ ಈ ಪದ್ಧತಿ ಹಳೆಯ ಕಾರನ್ನು ಇಟ್ಟುಕೊಂಡವರ ಜೇಬಿಗೂ ಕಾರಿಗೂ ಮಾಡುವ ಅನ್ಯಾಯ ದೊಡ್ಡದು.

ಯಾವ ಕಾರುಗಳ ಮಾತಿದು ಎಂದರೆ, ಕೆಎ 20 ನಂಬರ್ ಹೊತ್ತು ಇವತ್ತಿಗೂ ಈ ಮೂರು ತಾಲ್ಲೂಕುಗಳ ಒಳರಸ್ತೆಗಳಲ್ಲಿ ಓಡುತ್ತಿರುವ ಮಾರುತಿ 800, ಝೆನ್, ಆಲ್ಟೊ, ವ್ಯಾಗನ್ ಆರ್, ಓಮ್ನಿ, ಸ್ಯಾಂಟ್ರೊಗಳದು. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ ಯೂರೋ ಮಾನದಂಡವನ್ನು ಕಡ್ಡಾಯ ಮಾಡಿತು. 2000ದ ಏಪ್ರಿಲ್‌ನಿಂದ ದೇಶಕ್ಕೆಲ್ಲ 'ಇಂಡಿಯಾ 2000' ನಿಯಮ ಬಂತು. ಅದೇ ವರ್ಷದ ಫೆಬ್ರವರಿಯಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತ್ತು. ಕಾರ್ಬುರೇಟರ್ ಜಾಗಕ್ಕೆ ಎಂಪಿಎಫ್‌ಐ ಎಂಬ ಪೆಟ್ರೋಲ್ ಇಂಜೆಕ್ಷನ್ ಬಂದದ್ದು ಹೀಗೆ. 1983ರ ಡಿಸೆಂಬರ್‌ನಲ್ಲಿ ಕಾರ್ಬುರೇಟರ್ ಹೊತ್ತು ಬಂದ ಮಾರುತಿ 800, 2014ರ ಜನವರಿಯಲ್ಲಿ ತಯಾರಿ ನಿಂತಾಗ ಇಂಜೆಕ್ಷನ್ ಕಾರಾಗಿತ್ತು. ಚೋಕ್ ಎಳೆದು, ಸ್ಕ್ರೂ ಡ್ರೈವರ್‌ನಲ್ಲಿ ಸ್ಲೋ ಕೂರಿಸುತ್ತಿದ್ದ ಕೈಗಳಿಗೆ ಏಕಾಏಕಿ ತಿರುಗಿಸಲು ಸ್ಕ್ರೂ ಇಲ್ಲದ ಇಂಜಿನ್ ಸಿಕ್ಕಿತು.

ಸ್ಲೋ ಕೂರಿಸುವವರು ಈಗ ಯಾರು? ಎಕ್ಸಲರೇಟರ್‌ನಿಂದ ಕಾಲು ತೆಗೆದಾಗ ಥ್ರಾಟಲ್ ಬಾಡಿಯ ಒಳಗಿನ ಬಿಲ್ಲೆ ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತದೆ. ಇಂಜಿನ್‌ಗೆ ಉಸಿರಾಡಲು ಬೇಕಾದ ಅಷ್ಟಿಷ್ಟು ಗಾಳಿ ಬಿಲ್ಲೆಯ ಅಂಚಿನ ಸಂದಿನಿಂದಲೂ, ಪಕ್ಕದ ಐಡಲ್ ವಾಲ್ವ್‌ನ ಸಣ್ಣ ದಾರಿಯಿಂದಲೂ ಬರುತ್ತದೆ. ನಿಮಿಷಕ್ಕೆ ಸುಮಾರು 800-900 ಸುತ್ತು ಉಳಿಯುವಂತೆ ಆ ವಾಲ್ವನ್ನು ಎಷ್ಟು ತೆರೆಯಬೇಕು ಎಂಬುದನ್ನು ಇಸಿಎಂ ಕ್ಷಣಕ್ಷಣವೂ ಲೆಕ್ಕ ಹಾಕುತ್ತದೆ. ಎಸಿ ಹಾಕಿದರೆ ಸ್ವಲ್ಪ ಹೆಚ್ಚು ತೆರೆಯುತ್ತದೆ, ಹೆಡ್‌ಲೈಟ್ ಹಾಕಿದರೂ ಒಂದಿಷ್ಟು. ಓಡುವಾಗ ಗಾಳಿ ಧಾರಾಳ, ಆದ್ದರಿಂದ ಸಣ್ಣ ಕೊರತೆಗಳು ಗೊತ್ತೇ ಆಗುವುದಿಲ್ಲ. ಸ್ಲೋದಲ್ಲಿ ಮಾತ್ರ ಎಲ್ಲವೂ ಅಳೆದು ತೂಗಿ ನಡೆಯುತ್ತದೆ. ಇಂಜಿನ್ನಿನ ಯಾವುದೇ ಕಾಯಿಲೆ ಮೊದಲು ತೋರುವುದೂ ಅಲ್ಲಿಯೇ.

ಟೋಲ್ ಎದುರು ಆಫ್ ಆಗುವ ಗುಟ್ಟು ಇಲ್ಲಿದೆ. ಗೇರ್‌ನಲ್ಲಿದ್ದ ಗಾಡಿಯ ಎಕ್ಸಲರೇಟರ್ ಬಿಟ್ಟು ವೇಗ ಇಳಿಸುತ್ತಾ ಬರುವಾಗ ಇಸಿಎಂ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿರುತ್ತವೆ. ಕ್ಲಚ್ ತುಳಿದೊಡನೆ ಆ ಆಧಾರ ತಪ್ಪಿ ಸುತ್ತು ಸರ್ರನೆ ಇಳಿಯುತ್ತದೆ. ಆ ಗಳಿಗೆಯಲ್ಲಿ ಪೆಟ್ರೋಲ್ ಮತ್ತೆ ಬಿಟ್ಟು, ಐಡಲ್ ವಾಲ್ವ್ ತೆರೆದು ಇಂಜಿನ್ನನ್ನು ಹಿಡಿದು ನಿಲ್ಲಿಸಬೇಕು. ವಾಲ್ವ್ ಮಸಿ ಹಿಡಿದು ಬಿಗಿಯಾಗಿದ್ದರೆ ತೆರೆಯುವುದು ತಡವಾಗುತ್ತದೆ, ಅಷ್ಟರಲ್ಲಿ ಇಂಜಿನ್ ಬಂದ್. ಮತ್ತೆ ಸ್ಟಾರ್ಟ್ ಮಾಡುವಾಗ ಅದಕ್ಕೆ ಸಾವಕಾಶ ಸಿಗುತ್ತದೆ. ಏನೂ ಆಗಲಿಲ್ಲ ಎಂಬಂತೆ ಹೊರಡುತ್ತದೆ.

ಗಾಳಿ ಪೈಪ್ ಕಳಚಿ ಥ್ರಾಟಲ್ ಬಾಡಿಯ ಬಾಯಿಯಲ್ಲಿ ಟಾರ್ಚ್ ಹಾಕಿದರೆ ಹಿತ್ತಾಳೆ ಬಣ್ಣದ ಬಿಲ್ಲೆ ಕಾಣುತ್ತದೆ. ಅದನ್ನು ಬೆರಳಿನಿಂದ ಒತ್ತಿ ತೆರೆದರೆ, ಹಿಂಬದಿಯ ಗೋಡೆಯಲ್ಲಿ, ಬಿಲ್ಲೆ ಬಂದು ಕೂರುವ ಜಾಗದಲ್ಲಿ, ಕಪ್ಪಗೆ ಅಂಟಂಟಾದ ಒಂದು ಉಂಗುರ. ಇಂಜಿನ್ ಆಯಿಲ್‌ನ ಹೊಗೆಯೂ ಧೂಳೂ ಸೇರಿ ವರ್ಷಗಳಲ್ಲಿ ಕಟ್ಟಿದ ಮಸಿ ಅದು. ಐಡಲ್ ವಾಲ್ವ್‌ನ ಕೂರುವ ತುದಿಯಲ್ಲೂ ಅದೇ ಮಸಿ. ಥ್ರಾಟಲ್ ಕ್ಲೀನರ್ ಹಾಕಿ ಬಟ್ಟೆಯಿಂದ, ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ತೆಗೆದರೆ ಸಾಕು. ಚೂರಿ, ಎಮರಿ ಪೇಪರ್ ತಾಗಿಸಬಾರದು. ಬಿಲ್ಲೆಯನ್ನು ತಡೆದು ನಿಲ್ಲಿಸುವ ಪುಟ್ಟ ಸ್ಕ್ರೂವನ್ನಂತೂ ಮುಟ್ಟಲೇಬಾರದು. ಅದು ಸ್ಲೋ ಕೂರಿಸುವ ಸ್ಕ್ರೂ ಅಲ್ಲ, ಕಂಪನಿಯಲ್ಲೇ ಅಳೆದು ಬಿಗಿದದ್ದು. ಅದನ್ನು ತಿರುಗಿಸಿ ಸ್ಲೋ ಏರಿಸಿದ ಕಾರುಗಳಲ್ಲಿ ಥ್ರಾಟಲ್ ಸೆನ್ಸರ್‌ನ ಲೆಕ್ಕ ತಪ್ಪಿ, ಕಾಲು ತೆಗೆದದ್ದೇ ಇಸಿಎಂಗೆ ಗೊತ್ತಾಗದೆ ಹೊಸ ತೊಂದರೆ ಶುರುವಾಗುತ್ತದೆ. ಕಾರ್ಬುರೇಟರ್ ಕಾಲದ ಕೈಚಳಕ ಇಂಜೆಕ್ಷನ್ ಕಾರಿನಲ್ಲಿ ಮಾಡುವ ಕೆಡುಕುಗಳಲ್ಲಿ ಇದು ಮೊದಲನೆಯದು.

ಮಸಿ ಇಲ್ಲವೆಂದಾದರೆ ಗಾಳಿ ಸೋರಿಕೆಯನ್ನು ಹುಡುಕಬೇಕು. ಥ್ರಾಟಲ್ ಬಿಲ್ಲೆ ದಾಟಿದ ಮೇಲೆ ಎಲ್ಲಿಂದಲೂ ಕಳ್ಳಗಾಳಿ ಒಳಬರಬಾರದು. ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಪೈಪ್, ಇಂಜಿನ್ನಿನ ಒಳಹೊಗೆಯನ್ನು ಮತ್ತೆ ಎಳೆದುಕೊಳ್ಳುವ ಪಿಸಿವಿ ಪೈಪ್, ಇಂಟೇಕ್ ಮ್ಯಾನಿಫೋಲ್ಡ್‌ನ ಪ್ಯಾಕಿಂಗ್, ಇಂಜೆಕ್ಟರ್‌ಗಳ ಬುಡದ ರಬ್ಬರ್ ಬಳೆ, ಇವೆಲ್ಲ ಇಪ್ಪತ್ತು ವರ್ಷದ ಇಂಜಿನ್ ಬಿಸಿಗೆ ಒಣಗಿ ಬಿರಿಯುತ್ತವೆ. ಪೈಪಿನ ಮೇಲ್ಮೈ ಚೆನ್ನಾಗಿಯೇ ಇದ್ದು, ಬಗ್ಗಿದ ಜಾಗದ ಅಡಿಯಲ್ಲಿ ಮಾತ್ರ ಸೀಳಿರುತ್ತದೆ. ಮಾರುತಿಯ ಆ ಕಾಲದ ಕಾರುಗಳು ಗಾಳಿಯನ್ನು ನೇರ ಅಳೆಯುವುದಿಲ್ಲ. ಮ್ಯಾನಿಫೋಲ್ಡ್‌ನ ಒಳಗಿನ ಒತ್ತಡವನ್ನು ಮ್ಯಾಪ್ ಸೆನ್ಸರ್‌ನಿಂದ ತಿಳಿದು ಗಾಳಿಯ ಲೆಕ್ಕ ಹಾಕುತ್ತವೆ. ಹಾಗಾಗಿ ಸೋರಿಕೆ ಇದ್ದರೆ ಒತ್ತಡ ಏರಿದ್ದನ್ನು ನೋಡಿ ಪೆಟ್ರೋಲನ್ನೂ ಹೆಚ್ಚು ಬಿಡುತ್ತವೆ, ಸುತ್ತು ಏರುತ್ತದೆ, ಇಸಿಎಂ ಇಳಿಸುತ್ತದೆ, ಮತ್ತೆ ಏರುತ್ತದೆ. ಊಂ... ಊಂ... ಎಂದು ಏರಿಳಿಯುವ ಸ್ಲೋ ಕೇಳಿದರೆ ಮೊದಲ ಗುಮಾನಿ ಇದರ ಮೇಲೆ. ಗಾಳಿಯ ಹರಿವನ್ನೇ ಅಳೆಯುವ ಬೇರೆ ಕಾರುಗಳಲ್ಲಿ ಅಳತೆಗೆ ಸಿಗದ ಗಾಳಿಗೆ ಪೆಟ್ರೋಲ್ ಸಿಗುವುದಿಲ್ಲ. ಅಲ್ಲಿ ನಡುಕ ಮತ್ತು ಆಫ್.

ಹುಡುಕಲು ದೊಡ್ಡ ಸಲಕರಣೆ ಬೇಡ. ಇಂಜಿನ್ ಸ್ಲೋದಲ್ಲಿರುವಾಗ ಒಂದೊಂದೇ ಪೈಪನ್ನು ಇಕ್ಕುಳದಿಂದ ಮೆತ್ತಗೆ ಒತ್ತಿ ಹಿಡಿದರೆ, ಯಾವುದನ್ನು ಒತ್ತಿದಾಗ ಶಬ್ದ ಬದಲಾಗಿ ಸ್ಲೋ ಕೂರುತ್ತದೋ ಆ ದಾರಿಯಲ್ಲಿ ಸೋರಿಕೆ. ಒಂದು ಮೊಳದ ರಬ್ಬರ್ ಟ್ಯೂಬಿನ ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಸಂದಿಗಳಲ್ಲಿ ಆಡಿಸಿದರೆ ಸುಯ್ಯೆನ್ನುವ ಜಾಗ ಸಿಗುತ್ತದೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ, ಬಾನೆಟ್ ಅಡಿ ಬೆಂಕಿ ಹತ್ತಲು ಒಂದು ಕಿಡಿ ಸಾಕು. ಗ್ಯಾರೇಜಿನಲ್ಲಿ ವ್ಯಾಕ್ಯೂಂ ಗೇಜ್ ಇದ್ದರೆ ಇನ್ನೂ ಸುಲಭ. ಆರೋಗ್ಯವಂತ ಇಂಜಿನ್‌ನಲ್ಲಿ ಅದರ ಮುಳ್ಳು ಸ್ಲೋದಲ್ಲಿ 17ರಿಂದ 21 ಇಂಚಿನ ನಡುವೆ ಅಲುಗಾಡದೆ ನಿಲ್ಲಬೇಕು. ಈ ಅಂಕಿ ಸಮುದ್ರ ಮಟ್ಟದ ಊರುಗಳದು. ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಕಳೆಯಬೇಕು. ಗಂಗೊಳ್ಳಿಯಲ್ಲಾಗಲಿ ಕೋಟದಲ್ಲಾಗಲಿ ಆ ಕಳೆಯುವ ಲೆಕ್ಕವೇ ಬೇಡ.

ಇನ್ನು ಕರಾವಳಿಯದೇ ಆದ ಕಾಯಿಲೆಗೆ ಬರುತ್ತೇನೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಉಳಿದ ತಿಂಗಳು ಉಪ್ಪಿನ ಗಾಳಿ. ತ್ರಾಸಿ, ಮರವಂತೆ, ಕೋಡಿ ಕಡೆ ಕಡಲಿಗೆ ಮುಖ ಮಾಡಿದ ಮನೆಯ ಕಾರು ಹೊರಗಿನಿಂದ ತುಕ್ಕು ಹಿಡಿಯುವುದು ಎಲ್ಲರಿಗೂ ಕಾಣುತ್ತದೆ. ಕಾಣದಿರುವುದು ವಯರಿಂಗ್‌ನ ಕಿಲುಬು. ಇಂಜೆಕ್ಷನ್ ಕಾರಿನ ಸೆನ್ಸರ್‌ಗಳು ಮಾತಾಡುವುದು 5 ವೋಲ್ಟ್ ಒಳಗೆ. ಆಕ್ಸಿಜನ್ ಸೆನ್ಸರ್‌ನ ಮಾತಂತೂ 0.1ರಿಂದ 0.9 ವೋಲ್ಟ್. ಜೋಡಣೆಯಲ್ಲಿ ಅರ್ಧ ವೋಲ್ಟ್ ಸೋರಿದರೂ ಇಸಿಎಂಗೆ ತಲುಪುವುದು ತಪ್ಪು ಸುದ್ದಿ. ಸೆನ್ಸರ್ ಸರಿಯಿದೆ, ಇಸಿಎಂ ಸರಿಯಿದೆ, ನಡುವಿನ ದಾರಿ ಕೆಟ್ಟಿದೆ.

ಬ್ಯಾಟರಿಯ ನೆಗೆಟಿವ್ ವಯರ್ ಹಿಡಿದು ಹೊರಟರೆ ಅದು ಬಾಡಿಗೂ ಗೇರ್‌ಬಾಕ್ಸ್‌ಗೂ ಸೇರುವ ಜಾಗ ಸಿಗುತ್ತದೆ. ಬೋಲ್ಟ್ ಬಿಚ್ಚಿದರೆ ವಯರಿನ ಕಣ್ಣಿನ ಅಡಿಯಲ್ಲಿ ಬಿಳಿ ಪುಡಿ, ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು, ಗೇರ್‌ಬಾಕ್ಸ್‌ನ ಅಲ್ಯುಮಿನಿಯಂ ಮೇಲೆ ಬೂದಿಯಂಥ ಪದರ. ಎರಡೂ ಮೈಯನ್ನು ಎಮರಿ ಪೇಪರ್‌ನಿಂದ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಬೇಕು. ಇಸಿಎಂನ ಅರ್ತ್ ವಯರ್‌ಗಳು ಇಂಜಿನ್ನಿಗೆ ಸೇರುವ ಜಾಗಕ್ಕೂ ಇದೇ ಉಪಚಾರ. ಮೀಟರ್ ಇದ್ದರೆ ಇಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್, ಫ್ಯಾನ್ ಹಾಕಿ, ಬ್ಯಾಟರಿ ನೆಗೆಟಿವ್‌ಗೂ ಇಂಜಿನ್ ಮೈಗೂ ನಡುವೆ ಅಳೆಯಿರಿ, 0.1 ವೋಲ್ಟ್‌ಗಿಂತ ಗಮನಾರ್ಹವಾಗಿ ಹೆಚ್ಚು ಕಂಡರೆ ಅರ್ತ್ ಕೆಟ್ಟಿದೆ ಎಂದೇ ಅರ್ಥ. ಚಾರ್ಜಿಂಗ್ 13.8ರಿಂದ 14.4 ವೋಲ್ಟ್ ಇರಬೇಕು. ಆಮೇಲೆ ಸ್ಲೋದಲ್ಲಿರುವ ಇಂಜಿನ್ನಿನ ಒಂದೊಂದು ಕನೆಕ್ಟರನ್ನೂ ಮೆಲ್ಲಗೆ ಅಲುಗಾಡಿಸುತ್ತಾ ಹೋಗಿ. ಯಾವುದನ್ನು ಮುಟ್ಟಿದಾಗ ಇಂಜಿನ್ ತತ್ತರಿಸಿತೋ ಅಲ್ಲಿ ನಿಲ್ಲಿ.

ಮಳೆ ಬಂದಾಗ ಮಾತ್ರ ನಡುಗುವ ಕಾರಿನ ಕಥೆ ಸರಳ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ಪ್ಲಗ್ ವಯರ್‌ಗಳ ಮೇಲೆ ಕತ್ತಲಲ್ಲಿ ನೀರಿನ ಹನಿ ಚಿಮುಕಿಸಿದರೆ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಆಗ ಕೈ ದೂರ ಇರಲಿ.

ಈ ಊರುಗಳ ಇನ್ನೊಂದು ವಿಶೇಷ ಎಂದರೆ ನಿಂತೇ ಇರುವ ಕಾರು. ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಹೋಟೆಲ್, ಉದ್ಯೋಗ. ಊರಮನೆಯಲ್ಲಿ ವಯಸ್ಸಾದ ತಂದೆ ತಾಯಿ. ಅಂಗಳದ ಬದಿಯ ಶೆಡ್ಡಿನಲ್ಲಿ ಒಂದು ಹಳೆಯ ಕಾರು. ಅದು ಹೊರಡುವುದು ದೀಪಾವಳಿಗೆ, ಕೋಟೇಶ್ವರದ ಕೊಡಿ ಹಬ್ಬಕ್ಕೆ, ಮದುವೆ ಮುಂಜಿಗೆ. ಮಳೆಗಾಲದ ನಾಲ್ಕು ತಿಂಗಳು ಅರ್ಧ ಖಾಲಿ ಟ್ಯಾಂಕ್‌ನೊಂದಿಗೆ ನಿಂತ ಆ ಕಾರಿಗೆ ಓಡಾಡುವ ಕಾರಿಗಿಂತ ಹೆಚ್ಚು ಕಷ್ಟ. ಪೆಟ್ರೋಲಿನ ಹಗುರ ಅಂಶ ಆರಿಹೋಗಿ ಇಂಜೆಕ್ಟರ್ ತುದಿಯಲ್ಲಿ ಅಂಟು ಕಟ್ಟುತ್ತದೆ. ಕಟ್ಟಿಗೆ ರಾಶಿಯ ಪಕ್ಕದ ಶೆಡ್ಡಾದರೆ ಇಲಿಗಳಿಗೆ ಏರ್ ಫಿಲ್ಟರ್ ಡಬ್ಬಿಯೇ ಬಾಣಂತಿ ಕೋಣೆ. ತೆಂಗಿನ ನಾರು ತಂದು ತುಂಬಿಸಿ, ಜತೆಗೆ ಒಂದೆರಡು ವಯರನ್ನೂ ಕಡಿದಿರುತ್ತವೆ. ಬ್ಯಾಟರಿ ಇಳಿದುಹೋಗಿದ್ದರೆ ಇಸಿಎಂ ಕಲಿತಿಟ್ಟ ಸ್ಲೋ ಲೆಕ್ಕವೂ ಅಳಿಸಿಹೋಗಿರುತ್ತದೆ. ಹೊಸ ಬ್ಯಾಟರಿ ಹಾಕಿದ ದಿನ ನಡುಗಿದರೆ ಗಾಬರಿ ಬೇಡ. ಎಸಿ, ಲೈಟ್ ಏನೂ ಹಾಕದೆ, ಎಕ್ಸಲರೇಟರ್ ಮುಟ್ಟದೆ, ಹತ್ತು ಹದಿನೈದು ನಿಮಿಷ ಹಾಗೇ ಓಡಲು ಬಿಡಿ.

ನಿಂತ ಕಾರಿನ ಈ ಕಷ್ಟಕ್ಕೆ ಈಗ ಎಥೆನಾಲ್ ಸೇರಿಕೊಂಡಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ, ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಈಗ ಎಲ್ಲ ಬಂಕ್‌ಗಳ ಮಾತು. ಎಥೆನಾಲ್ ಉರಿಯಲು ಪೆಟ್ರೋಲ್‌ಗಿಂತ ಕಡಿಮೆ ಗಾಳಿ ಸಾಕು, ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ಬಿಸಿಯಾದ ಇಂಜಿನ್ನಿನಲ್ಲಿ ಆಕ್ಸಿಜನ್ ಸೆನ್ಸರ್ ಹೇಳಿದಂತೆ ಇಸಿಎಂ ಹೊಂದಿಸಿಕೊಳ್ಳುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಆ ಸೆನ್ಸರ್ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಇಸಿಎಂ ಶುದ್ಧ ಪೆಟ್ರೋಲಿಗೆ ಬರೆದ ಹಳೆಯ ಲೆಕ್ಕದಲ್ಲೇ ಇಂಧನ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ. ಮೊದಲೇ ಅರೆ ಕಟ್ಟಿದ ಇಂಜೆಕ್ಟರ್ ಇದ್ದರೆ ಮೊದಲ ಎರಡು ನಿಮಿಷ ನಡುಕ ಖಚಿತ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ ಕೂಡ. ಮಿತಿ ಮೀರಿದರೆ ನೀರೂ ಎಥೆನಾಲೂ ಒಟ್ಟಾಗಿ ಟ್ಯಾಂಕ್ ತಳಕ್ಕೆ ಇಳಿಯುತ್ತವೆ, ಪಂಪ್ ಎಳೆಯುವುದು ತಳದಿಂದಲೇ. ಊರು ಬಿಡುವ ಮುನ್ನ ಟ್ಯಾಂಕ್ ಹೆಚ್ಚುಕಡಿಮೆ ತುಂಬಿಸಿ, ಹದಿನೈದು ದಿನಕ್ಕೊಮ್ಮೆ ಯಾರಾದರೂ ನಾಲ್ಕು ಮೈಲಿ ಓಡಿಸುವ ಏರ್ಪಾಡು ಮಾಡಿದರೆ ಮುಕ್ಕಾಲು ತೊಂದರೆ ತಪ್ಪುತ್ತದೆ. ಸುಮ್ಮನೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಇಟ್ಟರೆ ಪ್ರಯೋಜನ ಕಡಿಮೆ.

ಗ್ಯಾಸ್ ಕಿಟ್ ಹಾಕಿಸಿದ ಓಮ್ನಿ, 800ಗಳ ವಿಷಯ ಬೇರೆಯೇ. ಗ್ಯಾಸಿನಲ್ಲೇ ಓಡಿಸಿ ಓಡಿಸಿ ಪೆಟ್ರೋಲ್ ಇಂಜೆಕ್ಟರ್‌ಗಳು ಒಣಗುತ್ತವೆ. ಬ್ಯಾಕ್‌ಫೈರ್ ಆದಾಗ ಗಾಳಿ ಪೈಪ್ ಬಿರಿಯುತ್ತದೆ. ಎಕ್ಸಾಸ್ಟ್ ವಾಲ್ವ್ ಕೂರುವ ಜಾಗ ಸವೆದು ಟ್ಯಾಪೆಟ್ ಸಂದು ಕಡಿಮೆಯಾಗುತ್ತದೆ. ಇಂಥ ಇಂಜಿನ್ ಬಿಸಿಯಾದಾಗ ಸ್ಲೋದಲ್ಲಿ ಒಂದು ಸಿಲಿಂಡರ್ ಬಿಟ್ಟು ಬಿಟ್ಟು ಹೊಡೆಯುವುದುಂಟು. ಮೂರೇ ಸಿಲಿಂಡರಿನ 800ರಲ್ಲಿ ಒಂದು ಹೋದರೆ ಶಕ್ತಿಯ ಮೂರನೇ ಒಂದು ಪಾಲು ಹೋದ ಹಾಗೆ, ಇಡೀ ಬಾಡಿ ಕುಣಿಯುತ್ತದೆ. ಯಾವ ಸಿಲಿಂಡರ್ ಎಂದು ತಿಳಿಯಲು ಪ್ಲಗ್ ವಯರ್ ಕೀಳುವ ಬದಲು ಇಂಜೆಕ್ಟರ್‌ನ ಕನೆಕ್ಟರನ್ನು ಒಂದೊಂದಾಗಿ ತೆಗೆಯಿರಿ. ಶಾಕ್ ಹೊಡೆಯುವುದಿಲ್ಲ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುವುದೂ ತಪ್ಪುತ್ತದೆ. ಯಾವುದನ್ನು ತೆಗೆದಾಗ ಇಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಅಲ್ಲಿ ಪ್ಲಗ್, ಇಂಜೆಕ್ಟರ್, ಟ್ಯಾಪೆಟ್ ಸಂದು ನೋಡಿ, ಕೊನೆಗೆ ಕಂಪ್ರೆಶನ್ ಅಳೆಯಬೇಕು.

ಒಳ್ಳೆಯ ಮೆಕ್ಯಾನಿಕ್ ಬಾನೆಟ್ ತೆರೆಯುವ ಮೊದಲು ಕೇಳುವುದು 'ಯಾವಾಗ' ಎಂದು. ತಣ್ಣಗಿರುವಾಗ ಮಾತ್ರವೋ, ಬಿಸಿಯಾದ ಮೇಲೋ, ಎಸಿ ಹಾಕಿದರೋ, ಮಳೆಗೋ? ಬೈಂದೂರಿನಿಂದ ಕೊಲ್ಲೂರಿಗೆ ಹೊರಟ ಕಾರು ಅರ್ಧ ದಾರಿಯಲ್ಲಿ ಥಟ್ಟನೆ ಆಫ್ ಆಗಿ, ಇಪ್ಪತ್ತು ನಿಮಿಷ ನೆರಳಲ್ಲಿ ನಿಲ್ಲಿಸಿದರೆ ತಾನಾಗಿ ಸ್ಟಾರ್ಟ್ ಆಗುತ್ತದೆ ಎಂದರೆ ಮಸಿಯೂ ಅಲ್ಲ, ಸೋರಿಕೆಯೂ ಅಲ್ಲ. ಬಿಸಿಗೆ ಬಾಯಿ ಬಿಡುವ ಕ್ಯಾಮ್ ಅಥವಾ ಕ್ರ್ಯಾಂಕ್ ಸೆನ್ಸರ್, ಇಗ್ನಿಷನ್ ಕಾಯಿಲ್, ಇಲ್ಲವೇ ಬೆಸುಗೆ ಬಿರುಕು ಬಿಟ್ಟ ಮೇನ್ ರಿಲೇ. ನಿಂತಾಗಲೇ ಎರಡು ಪರೀಕ್ಷೆ ಮಾಡಿ, ತಣ್ಣಗಾದ ಮೇಲೆ ಸುಳಿವು ಸಿಗುವುದಿಲ್ಲ. ಕೀ ಆನ್ ಮಾಡಿದಾಗ ಚೆಕ್ ಇಂಜಿನ್ ಲೈಟ್ ಹೊತ್ತಿತೇ? ಹೊತ್ತದಿದ್ದರೆ ಇಸಿಎಂಗೆ ಕರೆಂಟೇ ಇಲ್ಲ, ಫ್ಯೂಸ್ ಮತ್ತು ಮೇನ್ ರಿಲೇ ನೋಡಿ. ಹೊತ್ತಿದರೆ, ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ ಜುಂಯ್ ಎಂಬ ಪಂಪ್ ಸದ್ದು ಬಂತೇ? ಬರದಿದ್ದರೆ ಪೆಟ್ರೋಲ್ ಪಂಪಿನ ದಾರಿ, ಬಂದರೂ ಸ್ಟಾರ್ಟ್ ಆಗದಿದ್ದರೆ ಕಿಡಿಯ ದಾರಿ. ಮೊಬೈಲಿನಲ್ಲಿ ಇಷ್ಟು ವಿಡಿಯೊ ಮಾಡಿ ಮೆಕ್ಯಾನಿಕ್‌ಗೆ ಕಳಿಸಿದರೆ ಅವರ ಅರ್ಧ ದಿನ ಉಳಿಯುತ್ತದೆ.

ಸ್ಕ್ಯಾನರ್ ಹಾಕಿದರೆ ಎಲ್ಲ ಗೊತ್ತಾಗುತ್ತದಲ್ಲ ಎನ್ನುವವರಿದ್ದಾರೆ. ಎಲ್ಲ ಕಂಪನಿಗಳಿಗೂ ಒಂದೇ ಬಗೆಯ ಒಬಿಡಿ-2 ನಮ್ಮಲ್ಲಿ ಕಡ್ಡಾಯವಾದದ್ದು 2010ರ ದಶಕದಲ್ಲಿ. 2003ರ ಕಾರಿಗೆ ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಸ್ಕ್ಯಾನರ್ ಚುಚ್ಚಿದರೆ ಹೆಚ್ಚಾಗಿ ಮಾತೇ ಆಡುವುದಿಲ್ಲ. ಹಳೆಯ ಸುಝುಕಿ ಪದ್ಧತಿಯಲ್ಲಿ ಡಯಾಗ್ನೋಸಿಸ್ ಕನೆಕ್ಟರ್‌ನ ಎರಡು ಪಿನ್‌ಗಳನ್ನು ತುಂಡು ವಯರಿನಿಂದ ಸೇರಿಸಿದರೆ ಚೆಕ್ ಇಂಜಿನ್ ಲೈಟ್ ಮಿಟುಕಿ ನಂಬರ್ ಹೇಳುತ್ತದೆ: ಒಮ್ಮೆ, ಬಿಡುವು, ಎರಡು ಸಲ, ಅಂದರೆ 12, ದೋಷ ದಾಖಲಾಗಿಲ್ಲ. ಯಾವ ಪಿನ್ ಎಂಬುದನ್ನು ಆ ಮಾಡೆಲ್‌ನ ಪುಸ್ತಕ ನೋಡಿಯೇ ಸೇರಿಸಬೇಕು. ದೋಷ ದಾಖಲಾಗಿದ್ದರೂ ಅದು ದೂರು ಮಾತ್ರ. ಆಕ್ಸಿಜನ್ ಸೆನ್ಸರ್‌ನ ನಂಬರ್ ಬಂದ ಮಾತ್ರಕ್ಕೆ ಆ ಸೆನ್ಸರ್ ಹೋಗಿದೆ ಎಂದಲ್ಲ. ಬಿರಿದ ಪೈಪಿನ ಸುದ್ದಿಯನ್ನು ಅದು ಪ್ರಾಮಾಣಿಕವಾಗಿ ಹೇಳುತ್ತಿರಬಹುದು. ಕೂಲಂಟ್ ಸೆನ್ಸರ್‌ನ ವಿಷಯದಲ್ಲಿ ಇದರ ತಿರುಗುಮುರುಗು. 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಸುತ್ತ ಇರಬೇಕಾದ ಅದು, ಬಿಸಿ ಇಂಜಿನ್ನನ್ನು ತಣ್ಣಗಿದೆ ಎಂದು ಸುಳ್ಳು ಹೇಳಿದರೂ ಮಿತಿಯೊಳಗೇ ಇದ್ದರೆ ನಂಬರ್ ದಾಖಲಾಗುವುದಿಲ್ಲ. ಕಾರು ಮಾತ್ರ ಪೆಟ್ರೋಲ್ ವಾಸನೆ ಹೊಡೆಯುತ್ತಾ ಕಪ್ಪು ಹೊಗೆಯಲ್ಲಿ ನಡುಗುತ್ತಿರುತ್ತದೆ. ಮೀಟರ್ ಹಿಡಿದು ಅಳೆದವರಿಗಷ್ಟೇ ಅದು ಸಿಕ್ಕಿಬೀಳುತ್ತದೆ.

ಆಮೇಲೆ ನೋಡುವ ಎಂದು ಸ್ಲೋದಲ್ಲಿ ನಿಲ್ಲದ ದೋಷವನ್ನು ಮುಂದೂಡುವವರು ಘಟ್ಟದ ಮಾತು ಕೇಳಬೇಕು. ಹೊಸಂಗಡಿಯಿಂದ ಮೇಲಿನ ಬಾಳೆಬರೆ ಘಾಟಿಯಲ್ಲಿ, ಕೊಲ್ಲೂರು ಘಾಟಿಯಲ್ಲಿ ಇಳಿಯುವಾಗ ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ಗೆ ಹಾಕುವವರು ಇನ್ನೂ ಇದ್ದಾರೆ. ಇಂಜೆಕ್ಷನ್ ಕಾರಿನಲ್ಲಿ ಇದು ತಪ್ಪು ಲೆಕ್ಕ: ಗೇರ್‌ನಲ್ಲಿ ಇಳಿದರೆ ಪೆಟ್ರೋಲ್ ಸೊನ್ನೆ, ನ್ಯೂಟ್ರಲ್‌ನಲ್ಲಿ ಸ್ಲೋ ಓಡಲು ಪೆಟ್ರೋಲ್ ಬೇಕು. ಸ್ಲೋದಲ್ಲಿ ನಿಲ್ಲದ ಕಾರಾದರೆ ಇಳಿಜಾರಿನಲ್ಲೇ ಆಫ್ ಆಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಕಲ್ಲಿನಂತೆ ಬಿಗಿಯಾಗುತ್ತದೆ. ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಂ ಒಂದೆರಡು ಸಲ ತುಳಿಯುವಷ್ಟಕ್ಕೆ ಮಾತ್ರ. ಆಮೇಲೆ ಪೆಡಲ್ ತುಂಬ ಗಟ್ಟಿಯಾಗುತ್ತದೆ, ಬಲವಾಗಿ ಒತ್ತಿದರಷ್ಟೇ ಬ್ರೇಕ್ ಹಿಡಿಯುತ್ತದೆ. ಹಾಗೇನಾದರೂ ಆದರೆ ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯಬೇಡಿ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದುಕೊಳ್ಳಿ, ಗೇರ್ ಹಾಕಿ ಕ್ಲಚ್ ಬಿಡಿ, ಕೀ ಆನ್‌ನಲ್ಲೇ ಇರಲಿ. ಚಕ್ರಗಳ ಓಟಕ್ಕೆ ಇಂಜಿನ್ ಮತ್ತೆ ತಿರುಗಿ ವ್ಯಾಕ್ಯೂಂ ಬರುತ್ತದೆ, ಇಂಜಿನ್ನಿನ ಹಿಡಿತವೂ ಸಿಗುತ್ತದೆ. ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಬಾನೆಟ್ ಎತ್ತಿ.